ಕೆನಡಾದ ವಿಂಡ್ಸರ್‌ನಲ್ಲಿ ವೋಟರ್ ಕಾರ್ಡ್ ಬಂದಿಲ್ಲ, ಓಟು ಹಾಕಬಹುದಾ?

ಟ್ಯಾಕ್ಸ್ ಫೈಲ್ ಮಾಡುವಾಗ, ಮತದಾರರ ಪಟ್ಟಿಗಾಗಿ ಹೆಸರು-ವಿಳಾಸ ಕೊಡಲು ಒಪ್ಪಿ ಟಿಕ್ ಹಾಕಿದ್ದರೂ ಹೊಸ ಮನೆಗೆ ಕಾರ್ಡ್ (ಎಲ್ಲಿ, ಯಾವಾಗ ಓಟು ಹಾಕಬೇಕೆಂದು ತಿಳಿಸುವ ಚೀಟಿ) ಬಂದಿಲ್ಲ ಅಂದರೆ, ಪಟ್ಟಿಯಲ್ಲಿ ಹಳೇ ವಿಳಾಸವೇ ಉಳಿದಿರಬೇಕು. ಸಿಟಿಜನ್ ಆಗುವ ಮೊದಲೇ ಫೈಲ್ ಮಾಡಿದ್ದಾದರೆ ಹೆಸರೇ ಸೇರಿಲ್ಲದಿರಬಹುದು. ಎರಡಕ್ಕೂ ದಾರಿ ಒಂದೇ.

ಮೊದಲು ದೇಶದ ಸಂಸತ್ ಚುನಾವಣೆ ನಡೆಸುವ ಎಲೆಕ್ಷನ್ಸ್ ಕೆನಡಾದ ವೆಬ್‌ಸೈಟಿನಲ್ಲಿ ಪೋಸ್ಟಲ್ ಕೋಡ್ ಹಾಕಿ ಕ್ಷೇತ್ರ ನೋಡಿಕೊಳ್ಳಿ, ಯಾಕೆಂದರೆ 2025ರ ಚುನಾವಣೆಗೆ ಗಡಿಗಳು ಬದಲಾಗಿ ಹಳೇ ವಿಂಡ್ಸರ್–ಟೆಕುಮ್ಸೆ ಈಗ ವಿಂಡ್ಸರ್–ಟೆಕುಮ್ಸೆ–ಲೇಕ್‌ಶೋರ್ ಆಗಿದೆ. ಅಲ್ಲಿ ಆ ಸಲ ಮರು ಎಣಿಕೆ ಆದಮೇಲೆ ಗೆಲುವಿನ ಅಂತರ ಬರೀ 4 ಓಟು! ಹಾಗಾಗಿ ಕಾರ್ಡ್ ಬಂದಿಲ್ಲ ಅಂತ ಸುಮ್ನೆ ಮನೇಲಿ ಕೂರಬೇಡಿ.

ಆಮೇಲೆ ಅದೇ ವೆಬ್‌ಸೈಟಿನಲ್ಲಿ ವಿಳಾಸ ಸರಿಮಾಡಿ, ಇಲ್ಲವೇ ಹೆಸರು ಸೇರಿಸಿ. ಮತದಾನಕ್ಕೆ 6 ದಿನ ಮುಂಚೆ, ಮಂಗಳವಾರ ಸಂಜೆ 6ಕ್ಕೆ ಅದು ಮುಚ್ಚುತ್ತದೆ. ತಪ್ಪಿದರೂ ಗಾಬರಿ ಬೇಡ, ಬೂತಿನಲ್ಲೇ ಹೆಸರು ಸೇರಿಸುತ್ತಾರೆ.

ಜಾಸ್ತಿ ಜನ ಎಡವುವುದು ಗುರುತಿನ ಚೀಟಿಯಲ್ಲಿ. ಪಾಸ್‌ಪೋರ್ಟ್ ಒಂದೇ ಸಾಲದು, ಅದರಲ್ಲಿ ಅಚ್ಚಾದ ವಿಳಾಸ ಇರುವುದಿಲ್ಲ ಅಲ್ವಾ. ಹೊಸ ವಿಳಾಸದ ಒಂಟಾರಿಯೊ ಡ್ರೈವಿಂಗ್ ಲೈಸೆನ್ಸ್ ಇದ್ದರೆ ಅದೊಂದೇ ಸಾಕು. ಇಲ್ಲವಾದರೆ ಪಾಸ್‌ಪೋರ್ಟ್ ಜೊತೆ ಈಗಿನ ವಿಳಾಸ ಇರುವ ಕರೆಂಟ್ ಬಿಲ್ಲೋ ಬ್ಯಾಂಕ್ ಸ್ಟೇಟ್‌ಮೆಂಟೋ ಒಯ್ಯಿರಿ. ಅದೂ ಇಲ್ಲದಿದ್ದರೆ, ನಿಮ್ಮನ್ನು ಬಲ್ಲ, ಅದೇ ಬೂತಿನ ಮತದಾರರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ನಿಮ್ಮ ಪರವಾಗಿ ದೃಢೀಕರಿಸಬಹುದು, ಆದರೆ ಒಬ್ಬರು ಒಬ್ಬರಿಗೆ ಮಾತ್ರ.