ಕಾರಿನ ಒಳಗೆ ಕೇಳುವ ಕಟಕಟ ಸದ್ದನ್ನು ಮನೆಯಲ್ಲೇ ನಿಲ್ಲಿಸುವುದು ಹೇಗೆ?

ಸರಿಪಡಿಸುವುದು ಸುಲಭ, ಸದ್ದು ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದೇ ಕಷ್ಟ.

ಮೊದಲು ಗ್ಲೋವ್‌ಬಾಕ್ಸ್, ಬಾಗಿಲಿನ ಜೇಬು, ಡಿಕ್ಕಿ ಎಲ್ಲ ಖಾಲಿ ಮಾಡಿ. ನಾನು ಒಂದು ವಾರ ಡ್ಯಾಶ್‌ಬೋರ್ಡನ್ನು ಬೈದುಕೊಂಡು ಓಡಾಡಿದ್ದೆ. ಕೊನೆಗೆ ನೋಡಿದರೆ ಕನ್ನಡಕದ ಡಬ್ಬಿಯಲ್ಲಿ ಒಂದು ನಾಣ್ಯ! ಖಾಲಿ ಮಾಡಿದರೂ ಸದ್ದು ಹೋಗಲಿಲ್ಲ ಅಂದರೆ ಬೇರೆಯವರಿಗೆ ಓಡಿಸಲು ಹೇಳಿ. ನೀವು ಪಕ್ಕದಲ್ಲಿ ಕೂತು ಒಂದೊಂದೇ ಪ್ಯಾನೆಲ್ ಅನ್ನು ಅಂಗೈಯಿಂದ ಒತ್ತುತ್ತಾ ಬನ್ನಿ. ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತದೋ ಕಳ್ಳ ಅಲ್ಲೇ ಇದ್ದಾನೆ. ಖಾಲಿ ಸೀಟಿನ ಬೆಲ್ಟ್ ಬಕಲ್ ಪ್ಲಾಸ್ಟಿಕ್‌ಗೆ ಬಡಿಯುವುದೂ ಜಾಸ್ತಿ, ಅದನ್ನೂ ನೋಡಿ.

ಎರಡು ಪ್ಲಾಸ್ಟಿಕ್ ಉಜ್ಜಾಡುವ ಕಡೆ ತೆಳುವಾದ ಫೆಲ್ಟ್ ಟೇಪ್ (ಮೆತ್ತನೆಯ ಬಟ್ಟೆಯಂಥ ಅಂಟುಪಟ್ಟಿ) ಅಂಟಿಸಿ. ಪ್ಯಾನೆಲ್ ಹಿಡಿದಿಡುವ ಕ್ಲಿಪ್ ಮುರಿದಿದ್ದರೆ ಹೊಸದು ಹಾಕಿ. ಸುಮ್ನೆ ಅಂಟು ಸುರಿದರೆ ಮುಂದೆ ಬಿಚ್ಚಲು ಆಗುವುದಿಲ್ಲ. ಬಾಗಿಲಿನ ರಬ್ಬರ್ ಕಿರ್ ಅಂದರೆ ಒರೆಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಇಂಜಿನ್ ಆಯಿಲ್ ಮುಟ್ಟಿಸಬೇಡಿ, ರಬ್ಬರ್ ಊದಿಕೊಂಡು ಹಾಳಾಗಬಹುದು.

ಏರ್‌ಬ್ಯಾಗ್ ಗುರುತು ಇರುವ ಜಾಗ ಮಾತ್ರ ಬಿಚ್ಚುವುದೂ ಬೇಡ, ಅಲ್ಲಿ ಫೋಮ್ ತುರುಕುವುದೂ ಬೇಡ. ಆ ಕೆಲಸ ಮೆಕ್ಯಾನಿಕ್‌ಗೆ ಬಿಡಿ.