ಮುಂಬಯಿಯ ಸ್ಪೈಡರ್-ಮ್ಯಾನ್ ಸಿನಿಮಾಗೋಸ್ಕರ ಹುಟ್ಟಿದವನಾ?

ಅಲ್ಲ. 2023ರ ‘ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್’ ಸಿನಿಮಾದಲ್ಲಿ ಕಾಣುವ ಈ ಸ್ಪೈಡರ್-ಮ್ಯಾನ್, ಪವಿತ್ರ್ ಪ್ರಭಾಕರ್, 2004ರಲ್ಲೇ ಕಾಮಿಕ್ಸ್‌ಗೆ ಬಂದಿದ್ದ. ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಚಿತ್ರಕಾರ ಜೀವನ್ ಕಾಂಗ್ ಸೇರಿ ಮಾಡಿದ ನಾಲ್ಕು ಸಂಚಿಕೆಗಳ ಕಥೆ ಅದು. ಹಳ್ಳಿಯಿಂದ ಮುಂಬಯಿಗೆ ಓದಲು ಬಂದ ಹುಡುಗ. ಅವನಿಗೆ ಶಕ್ತಿ ಬರೋದು ಜೇಡ ಕಚ್ಚಿ ಅಲ್ಲ, ಒಬ್ಬ ಯೋಗಿಯಿಂದ. ಮೇಲೆ ಜೇಡನ ವೇಷ, ಕೆಳಗೆ ಧೋತ್ರ!

ಅಮೆರಿಕದ ಕಥೆಯೊಳಗೆ ಅವನು ಸೇರಿಕೊಂಡದ್ದು ಮಲ್ಟಿವರ್ಸ್‌ನಿಂದ. ಅಂದರೆ ಒಂದರ ಪಕ್ಕ ಒಂದು ಇರುವ ಬೇರೆ ಬೇರೆ ಲೋಕಗಳು. ಪ್ರತಿ ಲೋಕಕ್ಕೂ ತನ್ನದೇ ಸ್ಪೈಡರ್-ಮ್ಯಾನ್. ಮೂಲ ಸ್ಪೈಡರ್-ಮ್ಯಾನ್, ನ್ಯೂಯಾರ್ಕಿನ ಪೀಟರ್ ಪಾರ್ಕರ್‌ನ ಕಥೆ ಹಾಗೇ ಉಳಿಯುತ್ತದೆ, ಪವಿತ್ರ್‌ನ ಕಥೆಯೂ ನಿಜವಾಗಿರುತ್ತದೆ. ಹೀಗಾಗಿ ಹಳೆಯ ಕಾಮಿಕ್ಸ್‌ನ ಯಾವ ಸ್ಪೈಡರ್-ಮ್ಯಾನ್‌ನನ್ನು ಬೇಕಾದರೂ ತೆರೆಗೆ ಕರೆತರಬಹುದು.

ಸಿನಿಮಾದವರು ಅವನನ್ನು ಸುಮ್ನೆ ನಕಲು ಮಾಡಲಿಲ್ಲ. ಊರು ಮುಂಬಾಟನ್ ಆಯಿತು, ಮುಂಬಯಿಗೆ ಮ್ಯಾನ್‌ಹಟನ್ ಬೆರೆಸಿದ ಊರು. ಅದರ ಬಣ್ಣ, ಗೆರೆಗಳಿಗೆ ಇಂದ್ರಜಾಲ ಕಾಮಿಕ್ಸ್ ಸ್ಫೂರ್ತಿ. ಮುಂಬಯಿಯಿಂದಲೇ ಹೊರಡುತ್ತಿದ್ದ, ಕನ್ನಡದಲ್ಲೂ ಬರುತ್ತಿದ್ದ ಆ ಪುಸ್ತಕಗಳ ಬಗ್ಗೆ ಮುಂಬಯಿ ಕಡೆಯ ಮಾಟುಂಗಾ, ಡೊಂಬಿವಲಿಯ ನಮ್ಮ ಕನ್ನಡಿಗ ಹಿರಿಯರನ್ನು ಕೇಳಿ ನೋಡಿ, ಕೆಲವರ ಅಟ್ಟದ ಮೇಲೆ ಇನ್ನೂ ಸಿಗಬಹುದು. ನನಗಂತೂ ಇದೇ ಜಾಸ್ತಿ ಖುಷಿ ಕೊಟ್ಟ ವಿಷಯ.

ಭಾರತದಲ್ಲಿ ಸಿನಿಮಾ ಕನ್ನಡ, ಮರಾಠಿ ಸೇರಿ 10 ಭಾಷೆಗಳಲ್ಲಿ ಬಿಡುಗಡೆಯಾಯಿತು. ಹಿಂದಿ ಮತ್ತು ಪಂಜಾಬಿಯಲ್ಲಿ ಪವಿತ್ರ್‌ಗೆ ದನಿ ಕೊಟ್ಟವರು ಕ್ರಿಕೆಟಿಗ ಶುಭಮನ್ ಗಿಲ್.