ಅಲ್ ಐನ್‌ಗೆ ಬರುವ ಮೊದಲು ಹೆಸರುಗಳನ್ನು ಕಲಿತುಕೊಳ್ಳಿ

ನಮಸ್ಕಾರ. ಅಲ್ ಐನ್‌ನಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೊರಡುತ್ತೇನೆ ಎಂದು ಬರೆದಿದ್ದೀರಿ. "ಎಮಿರೇಟ್ಸ್‌ನಲ್ಲಿ ಮರಳು, ಮಾಲ್ ಬಿಟ್ಟರೆ ಏನೂ ಇಲ್ಲ ಅಂತಾರೆ. ಇತಿಹಾಸ ಅನ್ನುವುದೇ ಇಲ್ಲವಂತೆ. ರಜೆ ದಿನ ಏನು ಮಾಡುವುದು?" ಎಂದು ಕೇಳಿದ್ದೀರಿ. ವೀಸಾ, ಬಾಡಿಗೆ, ಶಾಲೆ ಬಗ್ಗೆ ಹೇಳುವವರು ನಿಮಗೆ ಬೇಕಾದಷ್ಟು ಜನ ಸಿಗುತ್ತಾರೆ. ನಾನು ಈ ಪ್ರಶ್ನೆಗೆ ಮಾತ್ರ ಉತ್ತರ ಬರೆಯುತ್ತೇನೆ.

ನಾನು ಇಲ್ಲಿಗೆ ಬಂದು 19 ವರ್ಷ ಆಯಿತು. ಮೊದಲ ಎರಡು ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ. ರೂಮು, ಆಫೀಸು, ವಾರಕ್ಕೊಮ್ಮೆ ಸಾಮಾನು ತರುವುದು, ಅಷ್ಟೇ. ಒಂದು ದಿನ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಇಲ್ಲಿನವರೊಬ್ಬರು ಕಾರು ಓಡಿಸುತ್ತಾ ರಸ್ತೆ ಬದಿಯ ಬೋರ್ಡುಗಳ ಅರ್ಥ ಹೇಳುತ್ತಾ ಬಂದರು. ನಾನು ನೂರು ಸಲ ಓಡಾಡಿದ ದಾರಿ ಅದು. ಮನೆಗೆ ಬಂದವನೇ ಒಂದು ನೋಟ್‌ಬುಕ್ಕಿನಲ್ಲಿ ನೆನಪಿದ್ದ ಹೆಸರನ್ನೆಲ್ಲ ಬರೆದಿಟ್ಟೆ. ಆ ನೋಟ್‌ಬುಕ್ಕು ಇವತ್ತಿಗೂ ಕಾರಿನಲ್ಲೇ ಇದೆ.

ನಿಮ್ಮ ಊರಿಂದಲೇ ಶುರು ಮಾಡೋಣ. ಅರಬ್ಬಿಯಲ್ಲಿ ಐನ್ ಅಂದರೆ ಕಣ್ಣು. ನೀರಿನ ಬುಗ್ಗೆಗೂ ಅದೇ ಮಾತು. ಮರುಭೂಮಿಯಲ್ಲಿ ಒಂದು ಊರಿಗೆ ಸುಮ್ನೆ 'ಬುಗ್ಗೆ' ಅಂತ ಹೆಸರಿಟ್ಟಿದ್ದಾರೆ ಅಂದರೆ ಅಲ್ಲಿ ಜನ ಯಾಕೆ ನಿಂತರು ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ? ಊರ ನಡುವೆ ದೊಡ್ಡ ಖರ್ಜೂರದ ತೋಟವಿದೆ. ಅದರೊಳಗೆ ನಡೆದು ಹೋದರೆ ಕಾಲ ಬಳಿ ಸಣ್ಣ ಕಾಲುವೆ ಕಾಣುತ್ತದೆ. ಅದು ಫಲಜ್. ಬೆಟ್ಟದ ಬುಡದಲ್ಲಿ ಆಳವಾದ ಬಾವಿ ತೋಡಿ, ಅಲ್ಲಿಂದ ನೆಲದಡಿಯಲ್ಲೇ ಸುರಂಗ ಕೊರೆದು, ಸ್ವಲ್ಪವೇ ಇಳಿಜಾರು ಕೊಟ್ಟು ನೀರನ್ನು ತೋಟದವರೆಗೆ ತರುತ್ತಾರೆ. ಪಂಪು ಬೇಡ, ಬಿಸಿಲಿಗೆ ನೀರು ಆರುವುದಿಲ್ಲ. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಅಂತ ಸರದಿ ಇರುತ್ತದೆ. ಫಲಜ್ ಅನ್ನುವ ಪದಕ್ಕೆ ಮೂಲವೇ ಪಾಲು ಮಾಡುವುದು. ಮೊದಲ ಬಾವಿಗೆ 'ಉಮ್ಮ್' ಅನ್ನುತ್ತಾರೆ, ಅಂದರೆ ತಾಯಿ. ಅಲ್ ಐನ್ ಹತ್ತಿರದ ಹಿಲಿಯಲ್ಲಿ ಸಿಕ್ಕ ಫಲಜ್‌ಗೆ ಸುಮಾರು 3,000 ವರ್ಷ. ಪಕ್ಕದ ಜಬಲ್ ಹಫೀತ್ ಬೆಟ್ಟದ ಬುಡದಲ್ಲಿರುವ ಕಲ್ಲಿನ ಸಮಾಧಿಗಳಿಗೆ ಸುಮಾರು 5,000 ವರ್ಷ. ಇವನ್ನೆಲ್ಲ ಸೇರಿಸಿ 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ತೆಗೆದುಕೊಂಡಿತು. ಇತಿಹಾಸ ಇಲ್ಲ ಅಂದವರನ್ನು ಒಂದು ಸಲ ಅಲ್ಲಿಗೆ ಕರೆದುಕೊಂಡು ಹೋಗಿ.

ಅಬುಧಾಬಿಯ ಕತೆಯೂ ನೀರಿನದೇ. ಅಬು ಅಂದರೆ ತಂದೆ, ಧಾಬಿ ಅಂದರೆ ಜಿಂಕೆ. ಬೇಟೆಗಾರರು ಜಿಂಕೆಯ ಹಿಂದೆ ಹೋಗಿ ದ್ವೀಪದಲ್ಲಿ ಸಿಹಿನೀರು ಕಂಡರು ಅಂತ ಇಲ್ಲಿನವರು ಹೇಳುತ್ತಾರೆ. ಲಿವಾ ತೋಟಗಳ ಕಡೆಯ ಬನೀ ಯಾಸ್ ಬುಡಕಟ್ಟಿನ ಜನ 1760ರ ದಶಕದಲ್ಲಿ ಅಲ್ಲಿ ನೆಲೆ ನಿಂತರು. ಆ ನೀರು ಕಾಯಲು ಕಟ್ಟಿದ ಕಾವಲು ಗೋಪುರವೇ ಬೆಳೆದು ಕಸ್ರ್ ಅಲ್ ಹೊಸ್ನ್ ಕೋಟೆಯಾಯಿತು. ಈಗ ಸುತ್ತ ಗಾಜಿನ ಕಟ್ಟಡಗಳಿವೆ, ನಡುವೆ ಆ ಬಿಳಿ ಕೋಟೆ. ಒಳಗೆ ಮ್ಯೂಸಿಯಂ ಇದೆ, ಅರ್ಧ ದಿನ ಇಟ್ಟುಕೊಂಡು ಹೋಗಿ.

ಕೆಲವು ಪದ ಗೊತ್ತಿದ್ದರೆ ನಕಾಶೆ ತಾನೇ ಮಾತಾಡುತ್ತದೆ. ಜಬಲ್ ಬೆಟ್ಟ, ಖೋರ್ ಸಮುದ್ರದಿಂದ ಒಳಗೆ ಬಂದ ನೀರು, ಬಿರ್ ಬಾವಿ. ರಾಸ್ ಅಂದರೆ ತಲೆ. ನಮ್ಮ ಭೂಗೋಳದ ಪುಸ್ತಕದಲ್ಲಿ ಭೂಶಿರ ಅಂತ ಓದಿದ್ದೆವಲ್ಲ, ಅದೇ ಯೋಚನೆ. ರಾಸ್ ಅಲ್ ಖೈಮಾ, ಅಂದರೆ ಗುಡಾರದ ಭೂಶಿರ. ಅದರ ಹತ್ತಿರ ಜಝೀರತ್ ಅಲ್ ಹಮ್ರಾ, 'ಕೆಂಪು ದ್ವೀಪ', ಅಂತ ಒಂದು ಪಾಳು ಬಿದ್ದ ಊರಿದೆ. ಮುತ್ತು ತೆಗೆಯುವವರ ಊರು. ಗೋಡೆಗಳಲ್ಲಿ ಹವಳದ ಕಲ್ಲು ಈಗಲೂ ಕಾಣುತ್ತದೆ. ಜಪಾನಿನ ಸಾಕಿದ ಮುತ್ತು ಮಾರುಕಟ್ಟೆಗೆ ಬಂದ ಮೇಲೆ ಕೊಲ್ಲಿಯ ಮುತ್ತಿನ ವ್ಯಾಪಾರವೇ ಕುಸಿಯಿತು. ಅಲ್ಲಿ ನಿಂತಾಗ ನನಗೆ ಪ್ರತಿ ಸಲ ಮನಸ್ಸು ಭಾರವಾಗುತ್ತದೆ.

ಮರುಭೂಮಿಯ ಹೆಸರು ರುಬ್ ಅಲ್ ಖಾಲಿ. ರುಬ್ ಅಂದರೆ ಕಾಲು ಪಾಲು. ಖಾಲಿ ಅಂದರೆ ಖಾಲಿಯೇ, ನಾವು ದಿನಾ ಆಡುವ ಮಾತು. ಆದರೆ ಅದರೊಳಗೆ ಒಂಟೆ ಕಟ್ಟಿಕೊಂಡು ಬದುಕಿದ ಬದೂಗಳು ಅದನ್ನು ಖಾಲಿ ಅನ್ನುತ್ತಿರಲಿಲ್ಲ. ಅವರಿಗೆ ಅದು ಅರ್ ರಿಮಾಲ್, ಬರೀ 'ಮರಳು'. ನನಗೆ ಈ ವ್ಯತ್ಯಾಸ ತುಂಬಾ ಮುಖ್ಯ ಅನ್ನಿಸುತ್ತದೆ. ಖಾಲಿ ಅಂದವರು ಹೊರಗಿನಿಂದ ನೋಡಿದವರು. ಆ ಮರಳಿನ ಅಂಚಿನಲ್ಲಿ ಅಲ್ಲಲ್ಲಿ ಘಾಫ್ ಮರ ಕಾಣುತ್ತದೆ, ಈ ದೇಶದ ರಾಷ್ಟ್ರೀಯ ಮರ. ಅದು ನಮ್ಮ ಬನ್ನಿ ಮರವೇ. ಮೊದಲ ಸಲ ಗೊತ್ತಾದಾಗ ಹತ್ತಿರ ಹೋಗಿ ಮುಟ್ಟಿ ನೋಡಿದ್ದೆ.

ಸಾಧ್ಯವಾದರೆ ಅರಬ್ಬಿ ಅಕ್ಷರ ಕಲಿಯಿರಿ, ಒಂದು ತಿಂಗಳು ಸಾಕು. ಇಂಗ್ಲಿಷ್ ಬೋರ್ಡು ಹೆಸರನ್ನು ಅರ್ಧ ಮುಚ್ಚಿಡುತ್ತದೆ. ನಾವು ಶಾರ್ಜಾ ಅನ್ನುವ ಊರು ಅರಬ್ಬಿಯಲ್ಲಿ ಅಶ್ಶಾರಿಕಾ. ವಯಸ್ಸಾದವರು ಸಿಕ್ಕರೆ ಸಂಕೋಚ ಬೇಡ, ಊರಿನ ಹೆಸರಿನ ಅರ್ಥ ಕೇಳಿ. ಖುಷಿಯಿಂದ ಹೇಳುತ್ತಾರೆ. 1966ರವರೆಗೆ ಇಲ್ಲಿ ರೂಪಾಯಿಯೇ ನಡೆಯುತ್ತಿತ್ತು, ಆ ಮಾತು ತೆಗೆದರೆ ಸಂಜೆಯಾದರೂ ಏಳುವುದಿಲ್ಲ.

ಒಂದು ಎಚ್ಚರಿಕೆ. ವಾದಿ ಅನ್ನುವ ಹೆಸರು ಕಂಡರೆ ಅದು ಹಳ್ಳ ಅಂತ ನೆನಪಿಡಿ, ಎಷ್ಟೇ ಒಣಗಿದ್ದರೂ. 2024ರ ಏಪ್ರಿಲ್ 16ರಂದು ಅಲ್ ಐನ್ ಕಡೆಯ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254 ಮಿಲಿಮೀಟರ್ ಮಳೆ ಸುರಿಯಿತು. ನೀರು ಬಂದ ವಾದಿಗೆ ಗಾಡಿ ಇಳಿಸಿದರೆ 2,000 ದಿರ್ಹಾಮ್ ದಂಡ, ಗಾಡಿಯೂ 60 ದಿನ ಜಪ್ತಿ. ಬೇಸಿಗೆಯಲ್ಲಿ ಡಾಂಬರು ಬಿಟ್ಟು ಒಬ್ಬರೇ ಒಳಗೆ ಹೋಗಬೇಡಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ತಿರುಗಾಟಕ್ಕೆ ಒಳ್ಳೆಯ ಕಾಲ.

ಬಂದ ಮೊದಲ ಶನಿವಾರ ಬೆಳಿಗ್ಗೆಯೇ ಆ ಖರ್ಜೂರದ ತೋಟಕ್ಕೆ ಹೋಗಿ. ನೆರಳಲ್ಲಿ ಕೂತು ಫಲಜ್‌ನಲ್ಲಿ ನೀರು ಹರಿಯುವ ಸದ್ದು ಕೇಳಿ. ಆಮೇಲೆ ನಿಮ್ಮ ಬೀದಿಯ ಹೆಸರು ಏನು, ಅದರ ಅರ್ಥ ಏನು ಅಂತ ನನಗೆ ಬರೆಯಿರಿ. ನನ್ನ ನೋಟ್‌ಬುಕ್ಕಿನಲ್ಲಿ ಅದು ಇನ್ನೂ ಇಲ್ಲದಿರಬಹುದು.